ತಟ್ಟೆ ಕೈಗೆತ್ತಿಕೊಳ್ಳುವ ಮೊದಲು: ಕ್ರೂಸ್ ಪ್ರವಾಸದಲ್ಲಿ ಹದವಾಗಿ ಉಣ್ಣುವ ಕ್ರಮ

ಸಿಂಗಪುರದಿಂದ ಹೊರಟು ಪೆನಾಂಗ್, ಫುಕೆಟ್ ಮುಟ್ಟಿ ಮರಳುವ ನಾಲ್ಕು ರಾತ್ರಿಯ ಹಡಗಿಗೆ ನಮ್ಮ ಬಳಗದ ಐದಾರು ಕುಟುಂಬಗಳು ಈಗಾಗಲೇ ಹೋಗಿ ಬಂದಿವೆ. ಬಂದವರ ವರದಿ ಒಂದೇ ಅಚ್ಚಿನದು. ಮೊದಲ ದಿನ ಕಣ್ಣಿಗೆ ಬಿದ್ದದ್ದೆಲ್ಲ ತಿಂದರು, ಎರಡನೆಯ ದಿನ ಹೊಟ್ಟೆಯುಬ್ಬರ, ಮೂರನೆಯ ದಿನ ‘ಇವತ್ತು ಬರೀ ಮೊಸರನ್ನ’ ಎಂಬ ಪ್ರತಿಜ್ಞೆ, ಅದೇ ರಾತ್ರಿ ಹನ್ನೊಂದಕ್ಕೆ ಪಿಜ್ಜಾ. ಹೊರಡುವ ಮುನ್ನ ಎಲ್ಲರೂ ನನ್ನನ್ನು ಕೇಳಿದ್ದರು, ನಾನೂ ‘ಮಿತವಾಗಿ ತಿನ್ನಿ’ ಎಂದು ಹೇಳಿ ಕಳುಹಿಸಿದ್ದೆ. ಈಜು ಬಾರದವನಿಗೆ ‘ಮುಳುಗಬೇಡಪ್ಪ’ ಎಂದ ಹಾಗಿತ್ತು ಆ ಸಲಹೆ.

ನಾನು ಕಂಡಂತೆ ಎಲ್ಲರೂ ಎಡವುವ ಜಾಗ ಒಂದೇ: ಏನು ತಿನ್ನಬೇಕೆಂಬ ತೀರ್ಮಾನವನ್ನು ತಟ್ಟೆ ಹಿಡಿದುಕೊಂಡ ಮೇಲೆ ಮಾಡುತ್ತಾರೆ. ಮದುವೆಮನೆಯ ಬಾಳೆಲೆಯ ಮುಂದೆ ಆ ತೀರ್ಮಾನದ ಭಾರ ನಮಗಿಲ್ಲ. ಉಪ್ಪು, ಕೋಸಂಬರಿ, ಪಲ್ಯ, ಅನ್ನ ಎಂಬ ಸರದಿಯನ್ನು ಬಡಿಸುವವರೇ ನಡೆಸುತ್ತಾರೆ. ಪಂಕ್ತಿ ಎದ್ದರೆ ಊಟ ಮುಗಿಯಿತು. ಹಡಗಿನಲ್ಲಿ ಪಂಕ್ತಿ ಏಳುವುದೇ ಇಲ್ಲ. ಆದ್ದರಿಂದ ಸರದಿಯನ್ನು ನಾವೇ ಮೊದಲು ಕಟ್ಟಿಕೊಳ್ಳಬೇಕು. ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ. ಮುಂಬೈನಿಂದ ಗೋವಾ, ಲಕ್ಷದ್ವೀಪದ ಕಡೆ ಹೋಗುವ ಹಡಗಿಗೂ ಇದರಲ್ಲಿ ಬಹುಪಾಲು ಹೊಂದುತ್ತದೆ.

ಹಂತ 1: ಟಿಕೆಟ್ ಕಾಯ್ದಿರಿಸಿದ ವಾರವೇ ಊಟದ ಬಗೆಯನ್ನು ಬರೆದು ತಿಳಿಸಿ

‘ಸಸ್ಯಾಹಾರ ಸಿಗುತ್ತದೆ, ಚಿಂತೆ ಬೇಡ’ ಎಂಬ ಏಜೆಂಟರ ಬಾಯಿಮಾತು ಸಾಲದು. ಸಸ್ಯಾಹಾರ, ಜೈನ ಊಟ, ಮೊಟ್ಟೆ ಇಲ್ಲದ್ದು, ಹಲಾಲ್, ಕಡಲೆಕಾಯಿ ಅಲರ್ಜಿ, ನಿಮ್ಮದು ಯಾವುದೋ ಅದನ್ನು ಬುಕಿಂಗ್ ಸಂಖ್ಯೆಯ ಸಮೇತ ಕಂಪನಿಗೆ ಬರವಣಿಗೆಯಲ್ಲಿ ಕಳುಹಿಸಿ, ಬಂದ ಉತ್ತರವನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳಿ. ಹಡಗು ದಿನಸಿಯನ್ನು ಬಂದರಿನಲ್ಲೇ ತುಂಬಿಸಿಕೊಂಡು ಹೊರಡುತ್ತದೆ, ನಡುಸಮುದ್ರದಲ್ಲಿ ಅಂಗಡಿಯಿಲ್ಲ. ಒಂದೂವರೆ ತಿಂಗಳು ಮುಂಚೆ ಹೇಳಿದ ಮಾತಿಗೆ ಇರುವ ತೂಕ ಹತ್ತಿದ ಮೇಲೆ ಮಾಡುವ ಜಗಳಕ್ಕೆ ಇರುವುದಿಲ್ಲ.

ಅದೇ ಹೊತ್ತಿನಲ್ಲಿ ರಾತ್ರಿ ಊಟದ ಪಾಳಿಯನ್ನೂ ಆರಿಸಬೇಕಾಗಬಹುದು. ಮುಖ್ಯ ಭೋಜನಶಾಲೆಯಲ್ಲಿ ಹಲವು ಕಂಪನಿಗಳು ಎರಡು ಪಾಳಿ ಇಡುತ್ತವೆ: ಮೊದಲನೆಯದು ಸಂಜೆ ಐದೂವರೆ ಆರರ ಸುಮಾರಿಗೆ, ಎರಡನೆಯದು ಎಂಟರ ಆಸುಪಾಸಿನಲ್ಲಿ. ‘ಮಕ್ಕಳಿದ್ದಾರೆ, ಬೇಗ ಮುಗಿಸೋಣ’ ಎಂದು ನಮ್ಮವರು ಮೊದಲ ಪಾಳಿ ತೆಗೆದುಕೊಳ್ಳುತ್ತಾರೆ. ಮನೆಯಲ್ಲಿ ಒಂಬತ್ತಕ್ಕೆ ಉಣ್ಣುವ ಹೊಟ್ಟೆ ಹತ್ತೂವರೆಗೆ ಮತ್ತೆ ಕೂಗುತ್ತದೆ, ಮೇಲಿನ ಡೆಕ್ಕಿನಲ್ಲಿ ಪಿಜ್ಜಾ ಕಾದಿರುತ್ತದೆ. ದಿನಕ್ಕೊಂದು ಹೆಚ್ಚುವರಿ ಊಟ ಸೇರಿಕೊಳ್ಳುವುದು ಹೀಗೆಯೇ. ಏಳಕ್ಕೆಲ್ಲ ಉಂಡು ಮಲಗುವ ಹಿರಿಯರು ಜೊತೆಗಿಲ್ಲದಿದ್ದರೆ ಎರಡನೆಯ ಪಾಳಿಯನ್ನೇ ಆರಿಸಿ.

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರು ಹೊರಡುವ ಎರಡು ವಾರ ಮುಂಚೆ ತಮ್ಮ ವೈದ್ಯರನ್ನು ಕಾಣಬೇಕು. ಸಿಂಗಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಫುಕೆಟ್‌ನದು ಸಿಂಗಪುರಕ್ಕಿಂತ ಒಂದು ಗಂಟೆ ಹಿಂದೆ. ದಡದ ಸಿಗ್ನಲ್ ಸಿಕ್ಕ ಕೂಡಲೇ ಮೊಬೈಲ್ ತಾನೇ ಸಮಯ ಬದಲಿಸಿಕೊಳ್ಳುತ್ತದೆ, ಹಡಗಿನ ಊಟ ಮಾತ್ರ ಹಡಗಿನ ಗಡಿಯಾರಕ್ಕೆ ನಡೆಯುತ್ತದೆ. ಮಾತ್ರೆ, ಇನ್ಸುಲಿನ್ ಯಾವ ಹೊತ್ತಿಗೆ ಎಂಬುದನ್ನು ವೈದ್ಯರಿಂದಲೇ ಬರೆಸಿಕೊಳ್ಳಿ. ಮುಳ್ಳಿನ ಕೈಗಡಿಯಾರವೊಂದನ್ನು ಹಡಗಿನ ಸಮಯಕ್ಕೆ ಹೊಂದಿಸಿ ಕಟ್ಟಿಕೊಂಡರೆ ಈ ಗೊಂದಲವೇ ಇಲ್ಲ.

ಹಂತ 2: ಚೀಲಕ್ಕೆ ಏನು ಬೇಕು, ಏನು ಬೇಡ

ಬೇಕಾದವು ಕೆಲವೇ. ಖಾಲಿ ನೀರಿನ ಬಾಟಲಿ, ಸಣ್ಣ ಫ್ಲಾಸ್ಕ್, ನಡೆಯಲು ಕಾಲಿಗೆ ಪಳಗಿದ ಷೂ, ಓಆರ್‌ಎಸ್ ಪೊಟ್ಟಣ, ವೈದ್ಯರು ಹೇಳಿದ ವಾಂತಿಯ ಮಾತ್ರೆ, ಸಕ್ಕರೆ ಕಾಯಿಲೆ ಇದ್ದವರಿಗೆ ಗ್ಲುಕೋಮೀಟರ್. ತಿನ್ನಲು ಕಂಪನಿಯ ಸೀಲ್ ಒಡೆಯದ ಪೊಟ್ಟಣಗಳು: ಹುರಿದ ಕಡಲೆ, ಶೇಂಗಾ, ಬಾದಾಮಿ. ಇದರ ಜೊತೆಗೆ ಒಂದು ಚೀಟಿ. ‘ನಾನು ಮಾಂಸ, ಮೀನು, ಮೊಟ್ಟೆ, ಮೀನಿನ ಸಾಸ್, ಮಾಂಸದ ಸಾರು ಯಾವುದನ್ನೂ ತಿನ್ನುವುದಿಲ್ಲ, ಹಾಲು, ಮೊಸರು ಆಗುತ್ತದೆ’ ಎಂಬರ್ಥದ ಇಂಗ್ಲಿಷ್ ವಾಕ್ಯವನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳಿ. ಹತ್ತು ದೇಶಗಳ ಸಿಬ್ಬಂದಿ ಇರುವ ಹಡಗಿನಲ್ಲಿ ‘ವೆಜ್’ ಎಂಬ ಒಂದೇ ಶಬ್ದಕ್ಕೆ ಹತ್ತು ಅರ್ಥಗಳಿವೆ.

ಬೇಡವಾದವು: ಎಲೆಕ್ಟ್ರಿಕ್ ಕೆಟಲ್, ಇಂಡಕ್ಷನ್ ಒಲೆ, ಸಣ್ಣ ಅನ್ನದ ಕುಕ್ಕರ್. ಬೆಂಕಿಯ ಭಯದಿಂದ ಕ್ರೂಸ್ ಕಂಪನಿಗಳು ಬಿಸಿಯಾಗುವ ಉಪಕರಣಗಳನ್ನು ಕ್ಯಾಬಿನ್ನಿಗೆ ಬಿಡುವುದಿಲ್ಲ, ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ. ಮನೆಯ ಚಪಾತಿ, ಚಿತ್ರಾನ್ನದಂಥ ಬೇಯಿಸಿದ ಪದಾರ್ಥಗಳಿಗೂ ಸಾಮಾನ್ಯವಾಗಿ ಅನುಮತಿಯಿಲ್ಲ. ಪುಳಿಯೋಗರೆ ಗೊಜ್ಜು ವಿಮಾನದ ಭದ್ರತಾ ಸಿಬ್ಬಂದಿಯ ಕಣ್ಣಿಗೆ ಗೊಜ್ಜಲ್ಲ, ದ್ರವ. 100 ಮಿಲಿಲೀಟರ್ ಮೀರಿದರೆ ಕೈಚೀಲದಲ್ಲಿ ಸಾಗುವುದಿಲ್ಲ.

ಗಸಗಸೆಯ ವಿಷಯ ಬೇರೆಯಾಗಿಯೇ ಹೇಳಬೇಕು. ಅದು ಅಫೀಮಿನ ಗಿಡದ ಬೀಜ. ಸಿಂಗಪುರ, ದುಬೈ ಎರಡೂ ಕಡೆ ಅದರ ಬಗ್ಗೆ ಕಾನೂನು ಬಿಗಿ. ಬಿಡಿ ಗಸಗಸೆಯಷ್ಟೇ ಅಲ್ಲ, ಗಸಗಸೆ ಹಾಕಿ ಮನೆಯಲ್ಲಿ ಬೀಸಿದ ಮಸಾಲೆ ಪುಡಿಯನ್ನೂ ಒಯ್ಯಬೇಡಿ. ಚ್ಯೂಯಿಂಗ್ ಗಮ್ ಕೂಡ ಸಿಂಗಪುರಕ್ಕೆ ತರುವಂತಿಲ್ಲ.

ಔಷಧಗಳೆಲ್ಲ ಮೂಲ ಪೊಟ್ಟಣದಲ್ಲೇ, ವೈದ್ಯರ ಚೀಟಿಯ ಜೊತೆ, ಕೈಚೀಲದಲ್ಲಿರಲಿ. ದೊಡ್ಡ ಸೂಟ್‌ಕೇಸನ್ನು ಬಂದರಿನಲ್ಲೇ ತೆಗೆದುಕೊಂಡು ಕ್ಯಾಬಿನ್ನಿಗೆ ತಲುಪಿಸುತ್ತಾರೆ. ಅದು ಬಾಗಿಲಿಗೆ ಬರುವ ಹೊತ್ತಿಗೆ ಸಂಜೆಯಾಗಬಹುದು. ಮಧ್ಯಾಹ್ನದ ಮಾತ್ರೆ ಸೂಟ್‌ಕೇಸಿನಲ್ಲಿ ಉಳಿದರೆ ಮೊದಲ ದಿನವೇ ಲೆಕ್ಕ ತಪ್ಪುತ್ತದೆ.

ಹಂತ 3: ಹತ್ತುವ ದಿನ ಹಸಿದು ಹೋಗಬೇಡಿ

ಬೆಂಗಳೂರಿನಿಂದ ರಾತ್ರಿಯ ವಿಮಾನ, ಅರೆನಿದ್ದೆ, ಬೆಳಿಗ್ಗೆ ಒಂದು ಬಿಸ್ಕತ್ತು. ‘ಹೇಗೂ ಹಡಗಿನಲ್ಲಿ ಊಟವಿದೆಯಲ್ಲ’ ಎಂದು ಹೊಟ್ಟೆ ಖಾಲಿ ಇಟ್ಟುಕೊಂಡು ಬರುವವರೇ ಹೆಚ್ಚು. ಮಧ್ಯಾಹ್ನ ಒಂದಕ್ಕೆ ಹಡಗು ಹತ್ತುವ ಸಾವಿರಾರು ಜನರೂ ನೇರ ಬಫೆಗೆ ನುಗ್ಗುತ್ತಾರೆ. ನಿದ್ದೆಗೆಟ್ಟ, ಹಸಿದ, ದುಡ್ಡು ಕಟ್ಟಿದ ಮನುಷ್ಯನ ತಟ್ಟೆ ಹೇಗಿರುತ್ತದೆಂದು ವಿವರಿಸಬೇಕಿಲ್ಲ.

ಬಂದರಿಗೆ ಹೊರಡುವ ಒಂದೆರಡು ಗಂಟೆ ಮುಂಚೆ ಸರಿಯಾದ ತಿಂಡಿ ಮಾಡಿ. ಹತ್ತಿದ ಮೇಲೆ ಮೊದಲು ಹಡಗನ್ನು ಒಂದು ಸುತ್ತು ನೋಡಿ, ಜನ ಕರಗಿದ ಮೇಲೆ ಊಟಕ್ಕೆ ಹೋಗಿ. ಕೆಲವು ಹಡಗುಗಳಲ್ಲಿ ಮೊದಲ ಮಧ್ಯಾಹ್ನವೂ ಮುಖ್ಯ ಭೋಜನಶಾಲೆ ತೆರೆದಿರುತ್ತದೆ. ಕುಳಿತು ಉಣ್ಣುವ ಆ ಜಾಗ ಬಹಳ ಜನರಿಗೆ ಗೊತ್ತಿರುವುದೇ ಇಲ್ಲ; ವಿಚಾರಿಸಿ.

ಸಂಜೆಯೊಳಗೆ ಮೂರು ಕೆಲಸಗಳು ಮುಗಿಯಬೇಕು. ಭೋಜನಶಾಲೆಯ ಮೇಲ್ವಿಚಾರಕರನ್ನು ಕಂಡು ನಿಮ್ಮ ಊಟದ ಕೋರಿಕೆ ಅವರ ಪಟ್ಟಿಯಲ್ಲಿ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಕ್ಯಾಬಿನ್ನಿನ ಸಣ್ಣ ಫ್ರಿಜ್‌ನಲ್ಲಿ ಜೋಡಿಸಿಟ್ಟ ಚಾಕೊಲೇಟ್, ತಂಪು ಪಾನೀಯ ಬಿಟ್ಟಿಯಲ್ಲ. ಕ್ಯಾಬಿನ್ ಸಹಾಯಕರಿಗೆ ಹೇಳಿ ತೆಗೆಸಿಬಿಡಿ. ಆ ಫ್ರಿಜ್ ಇನ್ಸುಲಿನ್‌ಗೆ ಬೇಕಾದಷ್ಟು ತಂಪಾಗಿದೆಯೇ ಎಂಬುದನ್ನೂ ಆಗಲೇ ಕೇಳಿಕೊಳ್ಳಿ. ಕೊನೆಗೆ, ಮರುದಿನದ ಕಾರ್ಯಕ್ರಮದ ಹಾಳೆಯಲ್ಲಿ ಮೂರು ಊಟದ ಹೊತ್ತಿಗೆ ಪೆನ್ನಿನಲ್ಲಿ ಗುರುತು ಹಾಕಿ. ಗುರುತಿಲ್ಲದ ಹೊತ್ತಿನಲ್ಲಿ ಬಫೆಯ ಕಡೆ ಕಾಲು ಹೋದರೆ ಅದು ಹಸಿವಲ್ಲ, ಬೇಸರ.

ಹಂತ 4: ಬಫೆಯಲ್ಲಿ ಮೊದಲ ಸುತ್ತು ಖಾಲಿ ಕೈಯಲ್ಲಿ

ಕೆಟ್ಟರೆ ಎಲ್ಲವೂ ಕೆಡುವುದು ಇಲ್ಲಿಯೇ.

ಮೊದಲು ಕೈ. ಬಾಗಿಲಲ್ಲಿ ಸಿಂಪಡಿಸುವ ಸ್ಯಾನಿಟೈಸರ್ ಸಾಕೆಂದು ತಿಳಿಯಬೇಡಿ. ಹಡಗುಗಳಲ್ಲಿ ವಾಂತಿಭೇದಿ ಹರಡುವ ನೊರೊವೈರಸ್ ಮೇಲೆ ಆಲ್ಕೋಹಾಲ್ ಸ್ಯಾನಿಟೈಸರಿನ ಆಟ ಅಷ್ಟಾಗಿ ನಡೆಯುವುದಿಲ್ಲ. ಸಾಬೂನು ಹಚ್ಚಿ 20 ಸೆಕೆಂಡು ತಿಕ್ಕಿ ತೊಳೆಯಿರಿ. ಬಡಿಸಿಕೊಳ್ಳುವ ಸೌಟು, ಚಿಮಟಗಳನ್ನು ನೂರಾರು ಜನ ಮುಟ್ಟಿರುತ್ತಾರೆ. ರೊಟ್ಟಿ ಮುರಿದು ತಿನ್ನುವ ನಮ್ಮಂಥವರು ಬಡಿಸಿಕೊಂಡ ಮೇಲೆ ಇನ್ನೊಮ್ಮೆ ಕೈ ತೊಳೆದು ಕೂರುವುದು ಒಳ್ಳೆಯದು.

ಆಮೇಲೆ ಖಾಲಿ ಕೈಯಲ್ಲಿ ಒಂದು ಪೂರ್ತಿ ಸುತ್ತು. ತಟ್ಟೆ ಮುಟ್ಟಬೇಡಿ. ಬಾಗಿಲ ಬಳಿ ಹೆಚ್ಚಾಗಿ ಎದುರಾಗುವುದು ಬ್ರೆಡ್, ಬನ್, ಕರಿದ ಆಲೂಗಡ್ಡೆ. ಒಳ್ಳೆಯ ಪದಾರ್ಥ ಮೂಲೆಯಲ್ಲಿರುತ್ತದೆ. ಅಲ್ಲಿಗೆ ತಲುಪುವಷ್ಟರಲ್ಲಿ ತಟ್ಟೆ ತುಂಬಿರುತ್ತದೆ, ‘ಅಯ್ಯೋ ಇದೂ ಇತ್ತೇ’ ಎಂದು ಅದರ ಮೇಲೇ ಇನ್ನೊಂದು ರಾಶಿ ಬೀಳುತ್ತದೆ.

ಸುತ್ತುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ನಮ್ಮ ಬೀದಿಯಲ್ಲಿ ಸಿಗುತ್ತದೆಯೇ? ಸಿಗುವುದಾದರೆ ಬಿಟ್ಟುಬಿಡಿ. ಫ್ರೆಂಚ್ ಫ್ರೈಸ್, ಮೆತ್ತನೆಯ ಪಿಜ್ಜಾ, ಕ್ರೀಮಿನಲ್ಲಿ ಮುಳುಗಿದ ಪನೀರು ತಿನ್ನಲು ಮಲಕ್ಕಾ ಜಲಸಂಧಿಯವರೆಗೆ ಹೋಗಬೇಕಿಲ್ಲ, ಜಯನಗರ ಸಾಕು. ಹಬೆಯಲ್ಲಿ ಬೇಯಿಸಿದ ಮೀನು, ಕಡ್ಡಿಗೆ ಚುಚ್ಚಿ ಸುಟ್ಟ ಸಾತೆ, ಕಣ್ಣೆದುರೇ ಬಾಡಿಸಿಕೊಡುವ ಪಾಕ್ ಚೊಯ್ ಸೊಪ್ಪು, ಮ್ಯಾಂಗೊಸ್ಟೀನ್, ರಂಬುಟಾನ್ ಹಣ್ಣು ಇದ್ದರೆ ಹೊಟ್ಟೆಯಲ್ಲಿ ಜಾಗ ಅವಕ್ಕಿರಲಿ. ಮೂರು ಪದಾರ್ಥ ಆರಿಸಿಕೊಂಡ ಮೇಲೆ ತಟ್ಟೆ ತೆಗೆದುಕೊಳ್ಳಿ, ಅದೂ ಸಿಹಿಗೆಂದು ಇಟ್ಟಿರುವ ಸಣ್ಣದನ್ನು.

ಬಡಿಸಿಕೊಳ್ಳುವ ಕ್ರಮಕ್ಕೆ ಬಾಳೆಲೆಯ ಲೆಕ್ಕವೇ ಸಾಕು. ಮೊದಲು ಕೋಸಂಬರಿಯ ಪಾಳಿ: ಸೌತೆ, ಕ್ಯಾರೆಟ್, ಬೇಯಿಸಿದ ಕಡಲೆ ಅಥವಾ ರಾಜ್ಮಾ, ಮೇಲೆ ನಿಂಬೆರಸ. ಬಾಟಲಿಯಲ್ಲಿರುವ ಬಿಳಿ ಡ್ರೆಸಿಂಗ್ ಎರಡು ಸೌಟು ಸುರಿದರೆ ಅದು ಸೊಪ್ಪಿನ ಹೆಸರಿನಲ್ಲಿ ಎಣ್ಣೆ ಕುಡಿದಂತೆ. ಎರಡನೆಯದಾಗಿ ಬೇಳೆ, ಪನೀರು, ಮೊಟ್ಟೆ, ಮೀನು, ಕೋಳಿ, ನಿಮ್ಮ ಮನೆಯ ರೂಢಿಯಂತೆ. ಅನ್ನ, ರೊಟ್ಟಿ, ನೂಡಲ್ಸ್ ಕೊನೆಗೆ, ಒಂದು ಮುಷ್ಟಿ. ತರಕಾರಿ, ಬೇಳೆಯನ್ನು ಮೊದಲು ತಿಂದು ಅನ್ನವನ್ನು ಕೊನೆಗೆ ತಿಂದರೆ ಊಟದ ನಂತರ ರಕ್ತದ ಸಕ್ಕರೆ ಅಷ್ಟು ಎತ್ತರಕ್ಕೆ ಏರುವುದಿಲ್ಲ ಎಂಬುದು ಅಧ್ಯಯನಗಳಲ್ಲೂ ಕಂಡಿದೆ. ನಮ್ಮ ಮಾವನವರು ಗ್ಲುಕೋಮೀಟರ್ ಹಿಡಿದು ಎರಡು ದಿನ ಇದನ್ನು ಪರೀಕ್ಷೆ ಮಾಡಿ ನೋಡಿ, ಮೂರನೆಯ ದಿನದಿಂದ ಮೇಜಿನಲ್ಲಿದ್ದ ಎಲ್ಲರಿಗೂ ಉಪದೇಶ ಶುರು ಮಾಡಿದರು.

ಬಡಿಸುವ ಜಾಗಕ್ಕೆ ಬೆನ್ನು ಮಾಡಿ, ಸಾಧ್ಯವಾದರೆ ಕಿಟಕಿಯ ಬಳಿ ಕುಳಿತುಕೊಳ್ಳಿ. ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ತಲುಪಲು ಸುಮಾರು 20 ನಿಮಿಷ ಬೇಕು. ಎರಡನೆಯ ಸುತ್ತಿಗೆ ಏಳುವುದಾದರೆ ಆ ಇಪ್ಪತ್ತು ನಿಮಿಷ ಆದ ಮೇಲೆ, ಒಂದೇ ಒಂದು ಪದಾರ್ಥಕ್ಕಾಗಿ. ಒಬ್ಬರು ಎದ್ದು ಇಡೀ ಮೇಜಿಗೆ ತಂದು ಸುರಿಯುವ ಪ್ರೀತಿಯನ್ನು ಮೊದಲ ದಿನವೇ ನಿಲ್ಲಿಸಿ. ‘ತಗೊಳ್ಳಿ, ವ್ಯರ್ಥವಾಗುತ್ತದೆ’ ಎಂಬ ಒತ್ತಾಯದಲ್ಲಿ ಹೊಟ್ಟೆಗೆ ಇಳಿಯುವುದು ಯಾರಿಗೂ ಬೇಕಿಲ್ಲದ ಊಟ.

ಬೆಳಗಿನ ತಿಂಡಿಯ ಬಲೆ ಬೇರೆ ಥರದ್ದು. ಕ್ರುವಾಸಾನ್, ಪ್ಯಾನ್‌ಕೇಕ್, ಸಿಹಿ ಹಾಕಿ ನೆನೆಸಿಟ್ಟ ಓಟ್ಸ್, ಹಣ್ಣಿನ ರಸ, ಎಲ್ಲವೂ ಹಗುರವಾಗಿ ಕಾಣುತ್ತವೆ. ಬೆಣ್ಣೆ ತುಂಬಿದ ಒಂದು ಕ್ರುವಾಸಾನ್‌ನಲ್ಲಿ ಇನ್ನೂರೈವತ್ತರ ಸುಮಾರು ಕ್ಯಾಲೊರಿ ಇರುತ್ತದೆ, ತಿಂದ ಮೇಲೂ ತಿಂದಂತೆನಿಸುವುದಿಲ್ಲ. ಆಮ್ಲೆಟ್ ಹಾಕಿಕೊಡುವವರ ಬಳಿ ನಿಲ್ಲಿ, ಮೊಟ್ಟೆ ತಿನ್ನದವರು ಸಪ್ಪೆ ಮೊಸರು, ಕತ್ತರಿಸಿದ ಹಣ್ಣು, ಟೋಸ್ಟ್, ಬೇಯಿಸಿದ ಕಾಳು ಹುಡುಕಿ. ಇಡ್ಲಿ ಸಿಕ್ಕರೆ ಸಂತೋಷ, ಆದರೆ ಹಡಗಿನ ಇಡ್ಲಿಯ ಮೇಲೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ.

ಸಸ್ಯಾಹಾರವೆಂಬ ಹಸಿರು ಎಲೆಯ ಗುರುತು ನಂಬುವ ಮೊದಲು

ನಮ್ಮ ಅತ್ತೆಯವರು ಒಂದು ಹಡಗಿನಲ್ಲಿ ‘ತರಕಾರಿ ಸೂಪ್’ ಎಂಬ ಫಲಕ ನೋಡಿ ಎರಡು ಬಟ್ಟಲು ಕುಡಿದರು. ಮೂರನೆಯ ದಿನ ಅಡುಗೆಯವರು ತಾವಾಗಿ ಹೇಳಿದರು, ಅದರ ನೀರು ಕೋಳಿಯ ಮೂಳೆ ಕುದಿಸಿದ್ದು ಎಂದು. ಅವರು ಸುಳ್ಳು ಹೇಳಿರಲಿಲ್ಲ. ಸೂಪಿನಲ್ಲಿ ತರಕಾರಿ ಇತ್ತು, ನಾವು ಕೇಳಿರಲಿಲ್ಲ.

ಕೇಳಬೇಕಾದ ಕಡೆಗಳು ಇವು. ಥಾಯ್ ಪದಾರ್ಥಗಳಲ್ಲಿ ಮೀನಿನ ಸಾಸ್, ಸಂಬಲ್ ಎಂಬ ಮಲಯ ಖಾರದ ಚಟ್ನಿಯಲ್ಲಿ ಸೀಗಡಿಯಿಂದ ಮಾಡಿದ ಬೆಲಚಾನ್, ಚೀನೀ ರೀತಿ ಬಾಡಿಸಿದ ಸೊಪ್ಪಿನಲ್ಲಿ ಸಿಂಪಿಯಿಂದ ಮಾಡಿದ ಆಯ್ಸ್ಟರ್ ಸಾಸ್. ಸೀಸರ್ ಸಲಾಡಿನ ಡ್ರೆಸಿಂಗ್‌ನಲ್ಲಿ ಆಂಚೊವಿ ಎಂಬ ಮೀನು ಮತ್ತು ಮೊಟ್ಟೆ. ಮೂಸ್, ಪನ್ನಾ ಕೋಟಾ, ಮಾರ್ಷ್‌ಮ್ಯಾಲೊ, ನಡುಗುವ ಜೆಲ್ಲಿಯಂಥ ಸಿಹಿಗಳಿಗೆಲ್ಲ ಸಾಮಾನ್ಯವಾಗಿ ಪ್ರಾಣಿಗಳಿಂದ ತೆಗೆದ ಜೆಲಟಿನ್. ಹೊಸದಾಗಿ ನಾದಿ ಮಾಡಿದ ಪಾಸ್ತಾದಲ್ಲಿ ಮೊಟ್ಟೆ. ಪಾರ್ಮಿಸಾನ್ ಚೀಸ್ ಹೆಪ್ಪುಗಟ್ಟಿಸುವುದು ಕರುವಿನ ಹೊಟ್ಟೆಯ ರೆನೆಟ್‌ನಿಂದ. ಅಲರ್ಜಿ ಇದ್ದವರಿಗೆ ಇದು ನಂಬಿಕೆಯ ಮಾತಲ್ಲ, ಜೀವದ ಮಾತು. ಅವರು ಬಫೆಯನ್ನು ಪೂರ್ತಿ ಬಿಟ್ಟು ಭೋಜನಶಾಲೆಯಲ್ಲೇ ಕುಳಿತು ಉಣ್ಣಬೇಕು. ಒಂದರ ಸೌಟು ಇನ್ನೊಂದಕ್ಕೆ ಹೋಗುವುದನ್ನು ಬಫೆಯಲ್ಲಿ ಯಾರೂ ತಡೆಯಲಾರರು.

ಹಂತ 5: ರಾತ್ರಿ ಊಟ, ಬಡಿಸುವವರಿರುವ ಮೇಜಿನಲ್ಲಿ

ಬಫೆ, ಭೋಜನಶಾಲೆ ಎರಡರ ಖರ್ಚೂ ಟಿಕೆಟ್ಟಿನಲ್ಲೇ ಸೇರಿದೆ. ಆದರೂ ಉಡುಪಿನ ನಿಯಮಕ್ಕೋ ಮೆನುವಿನ ಇಂಗ್ಲಿಷಿಗೋ ಅಂಜಿ ನಮ್ಮವರು ನಾಲ್ಕೂ ರಾತ್ರಿ ಬಫೆಯಲ್ಲೇ ಕಳೆಯುತ್ತಾರೆ. ಇದು ನಾನು ಕಂಡ ಎರಡನೆಯ ದೊಡ್ಡ ತಪ್ಪು. ಭೋಜನಶಾಲೆಯಲ್ಲಿ ಪದಾರ್ಥ ಒಂದೊಂದಾಗಿ ಬರುತ್ತದೆ, ನಡುವೆ ಕಾಯಬೇಕು, ಆ ಕಾಯುವಿಕೆಯಲ್ಲೇ ಅರ್ಧ ಹಸಿವು ಅಡಗುತ್ತದೆ. ಚಡ್ಡಿ, ಹವಾಯಿ ಚಪ್ಪಲಿ ಬಿಟ್ಟು ಪ್ಯಾಂಟು, ಸೀರೆ, ಚೂಡಿದಾರ ಧರಿಸಿ ಹೋದರೆ ಯಾರೂ ತಡೆಯುವುದಿಲ್ಲ.

ಬ್ರೆಡ್ಡಿನ ಬುಟ್ಟಿ ಮೊದಲು ಬರುತ್ತದೆ. ಬೇಡವೆಂದು ವಾಪಸು ಕಳುಹಿಸಿ, ಮೇಜಿನ ಮೇಲಿದ್ದರೆ ಬೆರಳು ತಾನಾಗಿ ಹೋಗುತ್ತದೆ. ಆರಂಭದ ಪದಾರ್ಥಗಳ ಅಳತೆ ಸಣ್ಣದು. ಅವುಗಳಲ್ಲಿ ಎರಡನ್ನು ಆರಿಸಿ, ಮುಖ್ಯ ಪದಾರ್ಥವನ್ನು ಬಿಟ್ಟುಬಿಡಬಹುದು. ಮುಖ್ಯ ಪದಾರ್ಥವನ್ನು ಅರ್ಧ ಅಳತೆಯಲ್ಲಿ ಕೇಳಬಹುದು, ಸಾಸನ್ನು ಬೇರೆ ಬಟ್ಟಲಲ್ಲಿ ತರಿಸಿಕೊಳ್ಳಬಹುದು. ಕೇಳಿದರೆ ಬೇಸರಪಡುತ್ತಾರೆಂಬ ಸಂಕೋಚ ಬೇಡ. ಸಿಹಿ ಇಡೀ ಮೇಜಿಗೆ ಒಂದೋ ಎರಡೋ, ಚಮಚ ಎಲ್ಲರಿಗೂ. ಯಾವ ಸಿಹಿಯಾದರೂ ಮೊದಲ ಮೂರು ಚಮಚದಲ್ಲೇ ತನ್ನ ರುಚಿಯನ್ನೆಲ್ಲ ಕೊಟ್ಟುಬಿಡುತ್ತದೆ.

ವಿಶೇಷ ಊಟ ಬೇಕಾದವರಿಗೆ ಒಂದು ಗುಟ್ಟು. ಏಳುವ ಮುನ್ನ ಮರುದಿನದ ರಾತ್ರಿಯ ಮೆನು ಕೇಳಿ, ಅಂದೇ ಹೇಳಿಟ್ಟು ಬನ್ನಿ. ಅಡುಗೆಮನೆಗೆ ಒಂದು ದಿನ ಸಿಕ್ಕರೆ ಜೈನ ಊಟವನ್ನೂ ರುಚಿಯಾಗಿ ಮಾಡಿಕೊಡುತ್ತಾರೆ, ಎದ್ದುಬಿದ್ದು ಮಾಡಿದ ಬೇಯಿಸಿದ ಹೂಕೋಸು ತಪ್ಪುತ್ತದೆ. ಬಡಿಸುವವರಲ್ಲಿ ಭಾರತೀಯರಿರುವುದು ಸಾಮಾನ್ಯ. ‘ಮೆನುವಿನಲ್ಲಿ ಇಲ್ಲದ ದಾಲ್, ಅನ್ನ ಸಿಕ್ಕೀತೇ’ ಎಂದು ನಯವಾಗಿ ವಿಚಾರಿಸಿದರೆ ಬಹಳ ಸಲ ಸಿಗುತ್ತದೆ.

ಹಂತ 6: ಲೋಟದೊಳಗಿನ ಲೆಕ್ಕ

ಊಟದಲ್ಲಿ ಹಿಡಿತ ಸಾಧಿಸಿದವರೂ ಕುಡಿಯುವುದರಲ್ಲಿ ಸೋಲುತ್ತಾರೆ. 330 ಮಿಲಿಲೀಟರ್ ಕೋಲಾ ಡಬ್ಬಿಯಲ್ಲಿ ಸುಮಾರು 35 ಗ್ರಾಂ ಸಕ್ಕರೆ, ಅಂದರೆ ಎಂಟು ಚಮಚಕ್ಕೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 50 ಗ್ರಾಂ ಮೀರಬಾರದು, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎನ್ನುತ್ತದೆ. ತೆಂಗಿನ ಕ್ರೀಮು, ಅನಾನಸ್ ರಸ ಸೇರಿದ ಕಾಕ್‌ಟೇಲ್, ಅದರ ಮದ್ಯವಿಲ್ಲದ ತಮ್ಮ ಕೂಡ, ಪಾನೀಯಕ್ಕಿಂತ ಪಾಯಸಕ್ಕೆ ಹತ್ತಿರ.

ಪಾನೀಯದ ಪ್ಯಾಕೇಜ್ ಕೊಳ್ಳುವ ಮುನ್ನ ನಿಮ್ಮ ಮನೆಯ ನಿಜವಾದ ಲೆಕ್ಕ ಹಾಕಿ. ದಿನಕ್ಕಿಷ್ಟು ಎಂದು ದುಡ್ಡು ಕಟ್ಟಿದ ಕೂಡಲೇ ಕುಡಿಯುವುದು ಬಾಯಾರಿಕೆಗಲ್ಲ, ವಸೂಲಿಗೆ. ಬಫೆಯಲ್ಲಿ ನೀರು, ಚಹಾ, ಸಾದಾ ಕಾಫಿ ಬಿಟ್ಟಿಯಾಗಿಯೇ ಇರುತ್ತವೆ. ನೀರು ತುಂಬಿಸಿಕೊಳ್ಳುವಾಗ ಬಾಟಲಿಯ ಬಾಯಿಯನ್ನು ನಲ್ಲಿಗೆ ತಾಗಿಸಬೇಡಿ. ಲೋಟದಲ್ಲಿ ಹಿಡಿದು ಬಾಟಲಿಗೆ ಸುರಿಯಿರಿ. ಹಿರಿಯರಿಗೆ ಬಿಸಿನೀರು ಬೇಕಿದ್ದರೆ ಚಹಾದ ಜಾಗದಲ್ಲಿ ಫ್ಲಾಸ್ಕ್ ತುಂಬಿಸಿಕೊಂಡು ಕ್ಯಾಬಿನ್ನಿಗೆ ಒಯ್ಯಿರಿ, ಕೆಟಲ್ಲಿನ ಕೊರತೆ ಅಲ್ಲಿಗೆ ತೀರಿತು. ಮದ್ಯ ಸೇವಿಸುವವರು ಪ್ರತಿ ಲೋಟಕ್ಕೊಂದು ಲೋಟ ನೀರು ಕುಡಿಯಲಿ, ಖಾಲಿ ಹೊಟ್ಟೆಯಲ್ಲಿ ಬೇಡವೇ ಬೇಡ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರಿಗೆ ಮದ್ಯ ರಕ್ತದ ಸಕ್ಕರೆಯನ್ನು ಸರಕ್ಕನೆ ಇಳಿಸಬಲ್ಲದು.

ಹಂತ 7: ದಡ ಕಾಣದ ದಿನ

ಹಡಗು ಎಲ್ಲೂ ನಿಲ್ಲದ ದಿನ ತಿನ್ನುವುದೇ ಕಾರ್ಯಕ್ರಮವಾಗಿಬಿಡುತ್ತದೆ. ತಿಂಡಿ ಎಂಟಕ್ಕೆ, ಊಟ ಒಂದಕ್ಕೆ, ನಾಲ್ಕೂವರೆಗೆ ಚಹಾದ ಜೊತೆ ಒಂದು ಹಣ್ಣು ಅಥವಾ ನೀವು ತಂದ ಕಡಲೆ, ರಾತ್ರಿ ಎಂಟಕ್ಕೆ ಊಟ. ನಡುವಿನ ಹೊತ್ತನ್ನು ಈಜು, ಆಟ, ನಾಟಕಕ್ಕೆ ಕೊಡಿ.

ಬೆಳಿಗ್ಗೆ ಆರೂವರೆಗೆ ಮೇಲಿನ ಡೆಕ್ಕಿನಲ್ಲಿ ಜನವಿರುವುದಿಲ್ಲ, ಬಿಸಿಲೂ ಇರುವುದಿಲ್ಲ. ಎಷ್ಟು ಸುತ್ತಿಗೆ ಎಷ್ಟು ದೂರ ಎಂಬ ಫಲಕ ಅನೇಕ ಹಡಗುಗಳಲ್ಲಿರುತ್ತದೆ. ಅರ್ಧ ಗಂಟೆ ನಡೆಯಿರಿ. ಮೊಣಕಾಲು ಗಟ್ಟಿ ಇರುವವರು ನಾಲ್ಕು ಡೆಕ್ ಒಳಗಿನ ಓಡಾಟಕ್ಕೆ ಲಿಫ್ಟ್ ಮುಟ್ಟದಿರಲಿ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಡೆಕ್ ಸುತ್ತಿದರೂ ಸಕ್ಕರೆಯ ಏರಿಕೆ ತಗ್ಗುತ್ತದೆ.

ಮಕ್ಕಳ ವಿಷಯದಲ್ಲಿ ಪೂರ್ತಿ ನಿಷೇಧ ಸೋಲುತ್ತದೆ. ಈಜುಕೊಳದ ಬದಿಯ ಐಸ್‌ಕ್ರೀಂ ಯಂತ್ರಕ್ಕೆ ದಿನಕ್ಕೊಂದೇ ಭೇಟಿ, ಆದರೆ ಯಾವಾಗ ಎಂಬುದು ಅವರ ಇಷ್ಟ ಎಂದು ಒಪ್ಪಂದ ಮಾಡಿಕೊಳ್ಳಿ. ಹೊತ್ತು ಆರಿಸುವ ಅಧಿಕಾರ ಸಿಕ್ಕರೆ ಮಕ್ಕಳು ಲೆಕ್ಕಕ್ಕೆ ತಕರಾರು ತೆಗೆಯುವುದು ಕಡಿಮೆ.

ಹಂತ 8: ದಡಕ್ಕಿಳಿದ ದಿನ

ಪೆನಾಂಗ್‌ನಲ್ಲಿ ಇಳಿದು, ಜಾರ್ಜ್‌ಟೌನ್‌ನ ಬೀದಿಗಳನ್ನು ಬಿಟ್ಟು, ಊಟ ಬಿಟ್ಟಿಯೆಂದು ಓಡೋಡಿ ಹಡಗಿಗೆ ಮರಳುವವರನ್ನು ಕಂಡರೆ ನನಗೆ ಮರುಕ. ಆ ದಿನ ಮಧ್ಯಾಹ್ನದ ಊಟ ಊರಿನಲ್ಲೇ ಆಗಲಿ. ಅಲ್ಲಿಯ ಲಿಟಲ್ ಇಂಡಿಯಾದಲ್ಲಿ ಬಾಳೆಲೆಯ ತಮಿಳು ಊಟ ಸಿಗುತ್ತದೆ. ಮೂರು ದಿನ ಫೋರ್ಕಿನಲ್ಲಿ ತಿಂದ ಹಿರಿಯರಿಗೆ ಆ ಸಾರು ಔಷಧಿಯಂತೆ.

ಬೀದಿ ಬದಿಯಲ್ಲಿ ತಿನ್ನುವುದಾದರೆ ಕಣ್ಣೆದುರು ಬೇಯಿಸಿದ್ದು, ಹೊಗೆಯಾಡುತ್ತಿರುವುದು, ಜನ ಸಾಲುಗಟ್ಟಿದ ಅಂಗಡಿಯದ್ದು ಇರಲಿ. ಮೊದಲೇ ಹೆಚ್ಚಿಟ್ಟ ಹಣ್ಣು ಬೇಡ, ಸಿಪ್ಪೆ ಸುಲಿಯುವ ಹಣ್ಣು ಸರಿ. ಎಳನೀರಿಗಿಂತ ಒಳ್ಳೆಯ ಪಾನೀಯ ಆ ಸೆಕೆಗೆ ಇನ್ನೊಂದಿಲ್ಲ. ಹಡಗಿನ ಬಫೆಯಿಂದ ಬಾಳೆಹಣ್ಣು, ಸ್ಯಾಂಡ್‌ವಿಚ್ ಚೀಲಕ್ಕೆ ಹಾಕಿಕೊಂಡು ಇಳಿಯಬೇಡಿ. ಹಣ್ಣು, ಬೇಯಿಸಿದ ಪದಾರ್ಥ ಒಯ್ಯುವುದನ್ನು ಬಹುತೇಕ ಬಂದರುಗಳು ತಡೆಯುತ್ತವೆ, ಬಿಸಿಲಲ್ಲಿ ಅವು ಕೆಡುವುದೂ ಬೇಗ.

ಹಂತ 9: ಈ ಲಕ್ಷಣ ಕಂಡರೆ ತಡಮಾಡಬೇಡಿ

ಬಡಿಸುವ ಜಾಗದಲ್ಲೇ ಕೆಲವು ಗುರುತುಗಳಿವೆ. ಬಿಸಿಯಾಗಿರಬೇಕಾದ ಪದಾರ್ಥ 57 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣಗಿರಬೇಕಾದ್ದು 5 ಡಿಗ್ರಿಯ ಒಳಗೆ ಇರಬೇಕೆಂಬುದು ಹಡಗಿನ ಅಡುಗೆಮನೆಗಳ ಲೆಕ್ಕ. ನಿಮ್ಮ ಬಳಿ ಥರ್ಮಾಮೀಟರ್ ಇಲ್ಲದಿದ್ದರೂ ಕಣ್ಣಿದೆ: ಹಬೆ ಏಳದ ಸಾಂಬಾರು, ಮೇಲೆ ಚರ್ಮಗಟ್ಟಿದ ಗ್ರೇವಿ, ಕರಗಿದ ಮಂಜಿನಲ್ಲಿ ತೇಲುವ ಸೀಗಡಿ ಕಂಡರೆ ಮುಂದೆ ಸಾಗಿ.

ವಾಂತಿ ಬರುವಂತಾದರೆ ಅದು ಅಲೆಯದ್ದೋ ಸೋಂಕಿನದ್ದೋ ನೋಡಿ. ಅಲೆಯ ವಾಕರಿಕೆಗೆ ತಲೆಸುತ್ತು, ತಣ್ಣನೆ ಬೆವರು ಜೊತೆಗಾರರು. ಡೆಕ್ಕಿಗೆ ಹೋಗಿ ದಿಗಂತ ನೋಡಿದರೆ ತುಸು ಹಗುರವೆನಿಸುತ್ತದೆ. ಅದಕ್ಕೆ ಉಪವಾಸ ಮದ್ದಲ್ಲ. ಉಪ್ಪು ಬಿಸ್ಕತ್ತು, ಟೋಸ್ಟ್, ಶುಂಠಿ ಚಹಾವನ್ನು ಸ್ವಲ್ಪ ಸ್ವಲ್ಪವಾಗಿ ತೆಗೆದುಕೊಳ್ಳಿ. ಮಾತ್ರೆಯನ್ನು ವಾಂತಿ ಶುರುವಾಗುವ ಮುನ್ನವೇ ನುಂಗಬೇಕು. ಆಮೇಲೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಭೇದಿ, ಹೊಟ್ಟೆ ಹಿಂಡುವ ನೋವು, ಜ್ವರ ಸೇರಿಕೊಂಡರೆ ಸೋಂಕೆಂದೇ ತಿಳಿಯಿರಿ. ನೊರೊವೈರಸ್ ದೇಹ ಹೊಕ್ಕ 12ರಿಂದ 48 ಗಂಟೆಯೊಳಗೆ ಕಾಣಿಸಿಕೊಳ್ಳುತ್ತದೆ. ಕ್ಯಾಬಿನ್ನಿನಲ್ಲಿ ಕೂರಿಸುತ್ತಾರೆಂಬ ಭಯಕ್ಕೆ ಮುಚ್ಚಿಡಬೇಡಿ. ಹಡಗಿನ ಆಸ್ಪತ್ರೆಗೆ ಕೂಡಲೇ ಹೇಳಿ. ಶುಲ್ಕ ಜೋರಿರುತ್ತದೆ, ಪ್ರವಾಸದ ವಿಮೆ ಮಾಡಿಸಿಕೊಂಡು ಹೊರಡುವುದು ಇದಕ್ಕೇ. ಓಆರ್‌ಎಸ್ ಬೆರೆಸುವ ಮುನ್ನ ಪೊಟ್ಟಣ 200 ಮಿಲಿಲೀಟರಿನದೋ ಒಂದು ಲೀಟರಿನದೋ ಓದಿಕೊಳ್ಳಿ. ದೊಡ್ಡ ಪೊಟ್ಟಣವನ್ನು ಒಂದೇ ಲೋಟಕ್ಕೆ ಕದಡಿ ಮಕ್ಕಳಿಗೆ ಕುಡಿಸುವುದು ಅಪಾಯ.

ಸಕ್ಕರೆ ಕಾಯಿಲೆ ಇರುವವರಲ್ಲಿ ಕೈನಡುಕ, ಬೆವರು, ತೊದಲುವ ಮಾತು ಕಂಡರೆ, ಅಥವಾ ಗ್ಲುಕೋಮೀಟರ್ 70ಕ್ಕಿಂತ ಕಡಿಮೆ ತೋರಿಸಿದರೆ, ಮೂರು ಚಮಚ ಸಕ್ಕರೆ ಕದಡಿದ ನೀರು ಕೊಟ್ಟು 15 ನಿಮಿಷದ ನಂತರ ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಹಡಗಿನ ತುರ್ತು ಸಂಖ್ಯೆಗೆ ಕರೆ ಮಾಡಿ. ಮಾತ್ರೆ ನುಂಗಿ, ಊಟದ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತಾಗಲೇ ಇದು ಹೆಚ್ಚಾಗಿ ಆಗುವುದು.

ಕಾಲುಂಗುರ ಬಿಗಿಯಾಯಿತು, ಪಾದ ಊದಿತು ಎಂದರೆ ಉಪ್ಪು ಹೆಚ್ಚಾಗಿರಬಹುದು. ಸೂಪು, ಸೋಯಾ ಸಾಸ್, ಚೀಸ್, ಉಪ್ಪಿನಲ್ಲಿಟ್ಟ ಮಾಂಸವನ್ನು ಒಂದು ದಿನ ಬಿಟ್ಟು ನೋಡಿ. ಊತದ ಜೊತೆ ಉಸಿರು ಕಟ್ಟಿದರೆ ಕಾಯದೆ ವೈದ್ಯರ ಬಳಿ ಹೋಗಿ.

ಹಂತ 10: ಇಳಿಯುವ ಬೆಳಿಗ್ಗೆ ಮತ್ತು ಮನೆ

ಕೊನೆಯ ರಾತ್ರಿ ‘ಇನ್ನು ಸಿಗುವುದಿಲ್ಲ’ ಎಂಬ ಊಟ, ಕೊನೆಯ ಬೆಳಿಗ್ಗೆ ‘ವಿಮಾನದಲ್ಲಿ ಏನು ಕೊಡುತ್ತಾರೋ’ ಎಂಬ ತಿಂಡಿ, ಇವೆರಡೂ ದಾಟಿದರೆ ಗೆದ್ದಿರಿ. ಹಡಗಿನ ವ್ಯಾಯಾಮಶಾಲೆಯ ತೂಕದ ಯಂತ್ರವನ್ನು ಹತ್ತಬೇಡಿ. ಅಲೆ ಏರಿದಾಗ ಒಂದು ಅಂಕಿ, ಇಳಿದಾಗ ಇನ್ನೊಂದು; ಹಡಗು ಇಳಿಯುವ ಕ್ಷಣ ನೋಡಿ ಸಂತೋಷಪಟ್ಟವರನ್ನು ನಾನು ಬಲ್ಲೆ. ಮನೆಗೆ ಬಂದ ಮರುದಿನ ಹೆಚ್ಚಾಗಿ ಕಾಣುವ ತೂಕವೂ ಅರ್ಧ, ಉಪ್ಪು ಮೈಯಲ್ಲಿ ಹಿಡಿದಿಟ್ಟ ನೀರಿನದೇ. ಒಂದು ವಾರ ಬಿಟ್ಟು ನೋಡಿ.

ಉಪವಾಸ ಮಾಡಿ ಸರಿದೂಗಿಸುವ ಹಟ ಬೇಡ. ಸಾರು, ಅನ್ನ, ಹುರುಳಿಕಾಯಿ ಪಲ್ಯ, ಮಜ್ಜಿಗೆ ಸಾಕು. ತೊಡಕೆಂದರೆ ವಿಮಾನ ಬೆಂಗಳೂರಿಗೆ ಇಳಿಯುವುದು ಅಪರಾತ್ರಿಯಲ್ಲಿ, ಮನೆಯ ಫ್ರಿಜ್ ಖಾಲಿ, ಕೈಯಲ್ಲಿ ಮೊಬೈಲ್. ಬೆಣ್ಣೆ ನಾನ್ ಅರ್ಧ ಗಂಟೆಯಲ್ಲಿ ಬಾಗಿಲಿಗೆ ಬರುತ್ತದೆ. ಆದ್ದರಿಂದ ಈ ಕೊನೆಯ ಹಂತದ ಕೆಲಸವನ್ನು ಮಾತ್ರ ಎಲ್ಲಕ್ಕಿಂತ ಮೊದಲು, ಸೂಟ್‌ಕೇಸ್ ಮುಚ್ಚುವ ಮುನ್ನವೇ ಮಾಡಿ: ಡಬ್ಬಿಯಲ್ಲಿ ಅವಲಕ್ಕಿ, ಸಾರಿನ ಪುಡಿ ಇದೆಯೇ ನೋಡಿ, ಬರುವ ದಿನ ಸಂಜೆ ಒಂದು ಪೊಟ್ಟಣ ಮೊಸರು ತೆಗೆದಿಡಲು ಪಕ್ಕದ ಮನೆಯವರಿಗೆ ಹೇಳಿ ಹೊರಡಿ.